ಚಕ್ರಬಡ್ಡಿಯ ಲೆಕ್ಕವೂ ಜಗತ್ತಿನ ಲೆಕ್ಕವೂ

ಪ್ರೌಢಶಾಲೆಯ ಗಣಿತದಲ್ಲಿ ಚಕ್ರಬಡ್ಡಿ ಎಂಬುದೊಂದು ಪಾಠವುಂಟು. ಸೂತ್ರವನ್ನು ಕಂಠಪಾಠ ಮಾಡುವುದು, ಅಸಲು, ದರ, ಅವಧಿ ಎಂಬ ಮೂರು ಸಂಖ್ಯೆಗಳನ್ನು ಅದರಲ್ಲಿ ಇಡುವುದು, ಬಂದ ಉತ್ತರದ ಕೆಳಗೆ ಎರಡು ಗೆರೆ ಎಳೆಯುವುದು. ಇಷ್ಟಾದರೆ ವಿದ್ಯಾರ್ಥಿಯ ಕೆಲಸ ಮುಗಿಯಿತು. ಪರೀಕ್ಷೆ ಕಳೆದ ಕೆಲವು ವಾರಗಳಲ್ಲಿ ಸೂತ್ರವೂ ಮರೆತುಹೋಗುತ್ತದೆ. ‘ವ್ಯಾಪಾರಕ್ಕೆ ಹೋಗುವವರಿಗೆ ಬೇಕಾದೀತು, ನಮಗೇಕೆ?’ ಎಂದು ಅನೇಕರು ಸಮಾಧಾನ ತಂದುಕೊಳ್ಳುತ್ತಾರೆ. ಈ ಸಮಾಧಾನ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಈ ಒಂದು ಪಾಠವನ್ನು ಚೆನ್ನಾಗಿ ಅರಿತವರು ತಮ್ಮ ಸಂಸಾರದ ಸಾಲವನ್ನಷ್ಟೇ ಅಲ್ಲದೆ, ಸಾಂಕ್ರಾಮಿಕ ರೋಗ, ಜನಸಂಖ್ಯೆ, ವಾಯುಮಂಡಲದ ಬದಲಾವಣೆ ಮೊದಲಾದ, ಇಡೀ ಜಗತ್ತನ್ನು ಕಾಡುವ ಪ್ರಶ್ನೆಗಳನ್ನೂ ಸರಿಯಾಗಿ ನೋಡಬಲ್ಲರು. ಅರಿಯದವರು ಸಣ್ಣದರಲ್ಲಿಯೂ ದೊಡ್ಡದರಲ್ಲಿಯೂ ಮೋಸಹೋಗುತ್ತಾರೆ.

ಮೊದಲು ಸಂಸಾರದ ಸಾಲವನ್ನೇ ತೆಗೆದುಕೊಳ್ಳೋಣ. ಒಬ್ಬ ರೈತ ಕೈಸಾಲವಾಗಿ 10,000 ರೂಪಾಯಿ ತರುತ್ತಾನೆ. ತಿಂಗಳಿಗೆ ನೂರಕ್ಕೆ ಐದು ರೂಪಾಯಿ ಬಡ್ಡಿ. ಕೊಡದಿದ್ದರೆ ಬಡ್ಡಿಯನ್ನು ಅಸಲಿಗೆ ಸೇರಿಸುವುದೆಂದು ಕರಾರು. ‘ನೂರಕ್ಕೆ ಐದು ತಾನೆ!’ ಎಂದು ಅವನು ಒಪ್ಪುತ್ತಾನೆ. ಸರಳಬಡ್ಡಿಯಾಗಿದ್ದರೆ ವರ್ಷಾಂತ್ಯಕ್ಕೆ ಋಣ 16,000 ರೂಪಾಯಿ. ಚಕ್ರಬಡ್ಡಿಯಲ್ಲಿ 17,959 ರೂಪಾಯಿ. ವ್ಯತ್ಯಾಸ ಅಂಥ ದೊಡ್ಡದೇನಲ್ಲವೆಂದು ತೋರುತ್ತದೆ. ಇಲ್ಲಿಯೇ ಮನಸ್ಸು ಮೋಸಹೋಗುವುದು. ಮೂರು ವರ್ಷಗಳ ಕೊನೆಗೆ ಸರಳಬಡ್ಡಿಯ ಋಣ 28,000 ಆದರೆ, ಚಕ್ರಬಡ್ಡಿಯದು 57,918. ಐದು ವರ್ಷಗಳಾಗುವಾಗ ಅದು 40,000, ಇದು 1,86,792! ಸಾಲ ಅದೇ, ದರ ಅದೇ. ಕಾಲವೊಂದು ಮುಂದೆ ಸರಿಯಿತು, ಅಷ್ಟೆ.

‘ಹನಿ ಹನಿ ಕೂಡಿದರೆ ಹಳ್ಳ’ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅದು ಕೂಡುವ ಲೆಕ್ಕ. ಮನುಷ್ಯನ ಬುದ್ಧಿಗೆ ಈ ಲೆಕ್ಕ ಸಹಜವಾಗಿ ಒಗ್ಗಿದೆ. ಇಂದು ಹತ್ತು ಹೆಜ್ಜೆ ನಡೆದವನು ನಾಳೆಯೂ ಹತ್ತು ಹೆಜ್ಜೆ ನಡೆದಾನೆಂದು ನಾವು ಊಹಿಸುತ್ತೇವೆ. ಇದು ಸಮಾಂತರ ಶ್ರೇಢಿ. ಆದರೆ ಇರುವುದರ ಪ್ರಮಾಣಕ್ಕೆ ತಕ್ಕಂತೆ ಹೆಚ್ಚುವ ವಸ್ತುಗಳು ಗುಣೋತ್ತರ ಶ್ರೇಢಿಯಲ್ಲಿ ನಡೆಯುತ್ತವೆ. ಅವು ಕೂಡುವುದಿಲ್ಲ, ಗುಣಿಸುತ್ತವೆ. ಅಂಥವುಗಳ ವೇಗವನ್ನು ಅರಿಯಲು ಒಂದು ಸುಲಭ ಉಪಾಯವಿದೆ. 70ನ್ನು ಶೇಕಡಾ ದರದಿಂದ ಭಾಗಿಸಿರಿ. ಬಂದ ಭಾಗಲಬ್ಧವೇ ಸುಮಾರಾಗಿ ಇಮ್ಮಡಿಯಾಗುವ ಕಾಲ. ತಿಂಗಳಿಗೆ ಶೇಕಡಾ 5 ಆದರೆ 14 ತಿಂಗಳಿಗೊಮ್ಮೆ ಸಾಲ ಇಮ್ಮಡಿಸುತ್ತದೆ. ಕಾಗದವೂ ಬೇಡ, ಯಂತ್ರವೂ ಬೇಡ. ಸಾಲದ ಪತ್ರಕ್ಕೆ ಸಹಿ ಹಾಕುವ ಮೊದಲು ಬಾಯಿಲೆಕ್ಕದಲ್ಲಿಯೇ ಇದನ್ನು ಮಾಡಬಹುದು.

ಈ ಲೆಕ್ಕವನ್ನು ಅರಿಯದಿದ್ದುದರ ಬೆಲೆಯನ್ನು ಜಗತ್ತು 2020ರಲ್ಲಿ ತೆತ್ತಿತು. ಕೋವಿಡ್ ರೋಗ ಹಬ್ಬಲು ತೊಡಗಿದಾಗ ಕೆಲವು ದೇಶಗಳಲ್ಲಿ ರೋಗಿಗಳ ಸಂಖ್ಯೆ ಸುಮಾರು ಮೂರು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತಿತ್ತು. ‘ಇಡೀ ನಗರಕ್ಕೆ ನೂರೇ ರೋಗಿಗಳು, ಇಷ್ಟಕ್ಕೇ ಗಾಬರಿಯೇಕೆ?’ ಎಂದವರು ಆಗ ಎಲ್ಲೆಡೆಯೂ ಇದ್ದರು. ಲೆಕ್ಕ ಹಾಕಿ ನೋಡಿರಿ. ಮೂರು ದಿನಗಳಿಗೊಮ್ಮೆ ಇಮ್ಮಡಿಸಿದರೆ 30 ದಿನಗಳಲ್ಲಿ ಹತ್ತು ಸಲ ಇಮ್ಮಡಿಸುತ್ತದೆ. ನೂರು ರೋಗಿಗಳು 1,02,400 ಆಗುತ್ತಾರೆ. ಜನರು ದೂರ ದೂರ ಇದ್ದು, ಮುಖವಸ್ತ್ರ ಧರಿಸಿ, ಇಮ್ಮಡಿಯಾಗುವ ಕಾಲವನ್ನು ಆರು ದಿನಗಳಿಗೆ ಏರಿಸಿದರೆ? ಅದೇ 30 ದಿನಗಳಲ್ಲಿ ಐದೇ ಸಲ ಇಮ್ಮಡಿಸಿ ರೋಗಿಗಳು 3,200 ಆಗುತ್ತಾರೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ರೋಗಿಗಳೂ ಅರ್ಧವಾಗಬಹುದೆಂದು ಮನಸ್ಸು ಹೇಳುತ್ತದೆ. ಗಣಿತವಾದರೋ ಮೂವತ್ತೆರಡರಲ್ಲಿ ಒಂದು ಪಾಲು ಎನ್ನುತ್ತದೆ. ಆಸ್ಪತ್ರೆಯ ಹಾಸಿಗೆಗಳು ಸಾಕಾಗುವುದಕ್ಕೂ ಸಾಲದೆ ಹೋಗುವುದಕ್ಕೂ ನಡುವಣ ಅಂತರ ಇಂಥ ಲೆಕ್ಕದಲ್ಲಿಯೇ ಇತ್ತು. ಕಣ್ಣಿಗೆ ಕಾಣುವಷ್ಟು ದೊಡ್ಡದಾಗುವವರೆಗೆ ಕಾದವರು ತಡಮಾಡಿದರು.

ಹಾಗೆಂದು ಗುಣೋತ್ತರ ಶ್ರೇಢಿಯನ್ನು ಕಂಡಲ್ಲೆಲ್ಲ ಭಯಪಡಬೇಕೆಂದು ನಾನು ಹೇಳುತ್ತಿಲ್ಲ. ಅರ್ಧ ಕಲಿತ ಲೆಕ್ಕವೂ ಅಪಾಯವೇ. ಇದಕ್ಕೆ ಜನಸಂಖ್ಯೆಯೇ ಒಳ್ಳೆಯ ನಿದರ್ಶನ. ಜನರು ಗುಣೋತ್ತರ ಶ್ರೇಢಿಯಲ್ಲಿಯೂ ಆಹಾರ ಸಮಾಂತರ ಶ್ರೇಢಿಯಲ್ಲಿಯೂ ಹೆಚ್ಚುವುದೆಂದು ಇಂಗ್ಲೆಂಡಿನ ಮಾಲ್ಥಸ್ 1798ರಲ್ಲಿ ಬರೆದನು. 1960ರಲ್ಲಿ ಜಗತ್ತಿನ ಜನಸಂಖ್ಯೆ ಸುಮಾರು 300 ಕೋಟಿ. ಆ ದಶಕದಲ್ಲಿ ಅದು ವರ್ಷಕ್ಕೆ ಸುಮಾರು ಶೇಕಡಾ 2ರಂತೆ ಬೆಳೆಯುತ್ತಿತ್ತು. ನಮ್ಮ ಉಪಾಯದಂತೆ 35 ವರ್ಷಗಳಿಗೊಮ್ಮೆ ಇಮ್ಮಡಿ. ಅದೇ ದರ ಮುಂದುವರಿದಿದ್ದರೆ 2030ಕ್ಕೆ 1,200 ಕೋಟಿಯಾಗಬೇಕಾಗಿತ್ತು. 1968ರಲ್ಲಿ ಅಮೆರಿಕದ ಪಾಲ್ ಅರ್ಲಿಕ್ ಎಂಬ ಜೀವವಿಜ್ಞಾನಿ, 1970ರ ದಶಕದಲ್ಲಿ ಕೋಟಿಗಟ್ಟಲೆ ಜನರು ಹಸಿವಿನಿಂದ ಸಾಯುವರೆಂದು ಭವಿಷ್ಯ ನುಡಿದನು. ಆ ಭವಿಷ್ಯ ನಿಜವಾಗಲಿಲ್ಲ. ಹೊಸ ತಳಿಗಳು, ನೀರಾವರಿ, ಗೊಬ್ಬರಗಳಿಂದ ಧಾನ್ಯದ ಇಳುವರಿ ಹೆಚ್ಚಿತು. ಹೆಣ್ಣುಮಕ್ಕಳು ಓದಿದರು, ಹುಟ್ಟಿದ ಮಕ್ಕಳು ಬದುಕುಳಿಯುವ ಭರವಸೆ ಮೂಡಿತು, ಸಂಸಾರಗಳು ಚಿಕ್ಕವಾದವು. ಬೆಳವಣಿಗೆಯ ದರವೇ ಇಳಿದು ಇಂದು ಶೇಕಡಾ 1ಕ್ಕಿಂತಲೂ ಕಡಮೆಯಾಗಿದೆ. 2022ರಲ್ಲಿ ಜಗತ್ತಿನ ಜನಸಂಖ್ಯೆ 800 ಕೋಟಿಯನ್ನು ಮುಟ್ಟಿತು. ಭಾರತದಲ್ಲಿಯಂತೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ತ್ರೀಯೊಬ್ಬಳಿಗೆ ಸರಾಸರಿ ಮಕ್ಕಳು ಕೇವಲ ಎರಡು.

ಆದುದರಿಂದ ದರವೆಷ್ಟೆಂದು ತಿಳಿದರೆ ಸಾಲದು. ಆ ದರ ಎಷ್ಟು ಕಾಲ ನಿಲ್ಲುತ್ತದೆ, ಅದನ್ನು ಬದಲಾಯಿಸುವ ಶಕ್ತಿಗಳು ಯಾವುವು ಎಂದೂ ಕೇಳಬೇಕು. ಸೂತ್ರದಲ್ಲಿ ದರವೆಂಬುದು ಸ್ಥಿರವಾದ ಒಂದು ಅಕ್ಷರ. ಲೋಕದಲ್ಲಿ ಅದು ಮನುಷ್ಯರ ನಡವಳಿಕೆ.

ಇನ್ನೊಂದು ಬಗೆಯ ಭ್ರಾಂತಿಯೂ ಇದೆ. ಮತ್ತೆ ನಮ್ಮ ಸಾಲಗಾರನ ಬಳಿಗೆ ಹೋಗೋಣ. ಅವನು ಸೋಮಾರಿಯಲ್ಲ, ತಿಂಗಳು ತಿಂಗಳೂ ತಪ್ಪದೆ 300 ರೂಪಾಯಿ ಕಟ್ಟುತ್ತಾನೆ. ಆದರೆ ಮೊದಲ ತಿಂಗಳ ಬಡ್ಡಿಯೇ 500 ರೂಪಾಯಿ. ಉಳಿದ 200 ರೂಪಾಯಿ ಅಸಲಿಗೆ ಸೇರಿತು. ಹೀಗೆಯೇ ಎರಡು ವರ್ಷ ನಡೆದರೆ ಅವನು ಒಟ್ಟು 7,200 ರೂಪಾಯಿ ಕಟ್ಟಿರುತ್ತಾನೆ. ಸಾಲ ಮಾತ್ರ ಸುಮಾರು 18,900 ರೂಪಾಯಿಗೆ ಏರಿರುತ್ತದೆ. ಕಟ್ಟುತ್ತಿದ್ದೇನೆಂಬ ತೃಪ್ತಿ ಅವನಿಗಿದೆ, ಋಣ ತೀರುತ್ತಿಲ್ಲ.

ವಾಯುಮಂಡಲದ ವಿಷಯದಲ್ಲಿ ಇಂದು ಜಗತ್ತಿನ ರಾಷ್ಟ್ರಗಳ ಸ್ಥಿತಿ ಈ ಸಾಲಗಾರನ ಸ್ಥಿತಿಯೇ. ಇಲ್ಲಿ ಚಕ್ರಬಡ್ಡಿಯಿಲ್ಲ, ಆದರೆ ತೀರಿಸುವುದಕ್ಕಿಂತ ಹೆಚ್ಚು ಸೇರುತ್ತಿರುವ ಮಾತು ಒಂದೇ. ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವ ಪರ್ವತದ ಮೇಲೆ 1958ರಲ್ಲಿ ಗಾಳಿಯನ್ನು ಅಳೆಯತೊಡಗಿದಾಗ ಹತ್ತು ಲಕ್ಷ ಭಾಗ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. 2024ರಲ್ಲಿ ಅದು 424ನ್ನು ದಾಟಿತು. ಪಾಠದಲ್ಲಿ ಬರುವ ನೀರಿನ ತೊಟ್ಟಿಯ ಲೆಕ್ಕವನ್ನು ನೆನೆಯಿರಿ. ಒಂದು ಕೊಳವೆಯಿಂದ ನೀರು ಬರುತ್ತದೆ, ಇನ್ನೊಂದರಿಂದ ಹೋಗುತ್ತದೆ. ಬರುವುದು ಹೋಗುವುದಕ್ಕಿಂತ ಹೆಚ್ಚಾಗಿರುವ ತನಕ ಮಟ್ಟ ಏರುತ್ತಲೇ ಇರುತ್ತದೆ. ನಾವು ಕಲ್ಲಿದ್ದಲು, ಎಣ್ಣೆಗಳನ್ನು ಸುಟ್ಟು ಬಿಡುವ ಅನಿಲದಲ್ಲಿ ಸುಮಾರು ಅರ್ಧವನ್ನು ಮಾತ್ರ ಸಮುದ್ರಗಳೂ ಸಸ್ಯಗಳೂ ಹೀರುತ್ತವೆ. ಉಳಿದರ್ಧ ಗಾಳಿಯಲ್ಲಿ ನಿಲ್ಲುತ್ತದೆ. 2020ರಲ್ಲಿ ರೋಗದ ಕಾರಣ ಕಾರ್ಖಾನೆಗಳೂ ವಾಹನಗಳೂ ನಿಂತು, ಇಂಧನಗಳಿಂದ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಜಗತ್ತಿನಲ್ಲಿ ಸುಮಾರು ಶೇಕಡಾ 5ರಷ್ಟು ಇಳಿಯಿತು. ಆ ವರ್ಷವೂ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ 2 ಭಾಗಗಳಿಗಿಂತ ಹೆಚ್ಚೇ ಏರಿತು. ಇದನ್ನು ನೋಡಿ ‘ಇಳಿಸಿದರೂ ಪ್ರಯೋಜನವಿಲ್ಲ’ ಎಂದವರು ತೊಟ್ಟಿಯ ಲೆಕ್ಕವನ್ನು ಮರೆತವರು. ‘ಸ್ವಲ್ಪ ಇಳಿಸಿದ್ದೇವೆ, ಇನ್ನು ಚಿಂತೆಯಿಲ್ಲ’ ಎಂದು ಹೇಳುವ ರಾಜಕಾರಣಿಗಳೂ ಅದನ್ನು ಮರೆತವರೇ. ಒಳಬರುವ ಕೊಳವೆಯನ್ನು ಸ್ವಲ್ಪ ತಿರುಗಿಸಿದರೆ ತೊಟ್ಟಿ ತುಂಬುವುದು ತಡವಾದೀತು, ನಿಲ್ಲದು.

ಈಗ ಕೈಯಲ್ಲಿರುವ ಫೋನೇ ಎಲ್ಲ ಲೆಕ್ಕವನ್ನೂ ಮಾಡುತ್ತದಲ್ಲ, ಇದನ್ನೆಲ್ಲ ಕಲಿಯುವುದೇಕೆಂದು ಕೆಲವರು ಕೇಳಬಹುದು. ಯಂತ್ರ ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ, ನಿಜ. ಆದರೆ ‘ಈ ದರ ತಿಂಗಳಿಗೋ ವರ್ಷಕ್ಕೋ?’ ಎಂದು ಕೇಳಬೇಕೆಂಬುದು ನಮಗೆ ಹೊಳೆಯಬೇಕು. ಅದೇ ಫೋನಿನಲ್ಲಿ ಕ್ಷಣಾರ್ಧದಲ್ಲಿ ಸಾಲ ಕೊಡುವವರೂ ಇದ್ದಾರೆಂಬುದನ್ನು ಕಾಲೇಜು ವಿದ್ಯಾರ್ಥಿಗಳು ಮರೆಯಬಾರದು.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಅಡುಗೆ, ವೈದ್ಯ, ವಾಸ್ತು, ಸಂಗೀತ, ಗ್ರಹಗತಿ ಎಲ್ಲಕ್ಕೂ ಗಣಿತ ಬೇಕೆಂಬ ಪ್ರಶಂಸೆಯಿದೆ. ಮುಂದೆ ಅಸಲು ಬಡ್ಡಿಗಳ ಲೆಕ್ಕಗಳೂ ಇವೆ. ಸಾವಿರ ವರ್ಷಗಳಿಗೂ ಹಿಂದೆ ಬಾಳಿನೊಡನೆ ಕೂಡಿಕೊಂಡಿದ್ದ ವಿದ್ಯೆಯನ್ನು ನಾವು ಪ್ರಶ್ನಪತ್ರಿಕೆಯೊಳಗೆ ಕಟ್ಟಿಹಾಕಿದ್ದೇವೆ. ‘ಬಡ್ಡಿಯನ್ನು ಕಂಡುಹಿಡಿಯಿರಿ’ ಎಂದು ಕೇಳುವ ಪ್ರಶ್ನಪತ್ರಿಕೆ, ‘ಈ ಸಾಲವನ್ನು ಮಾಡಬಹುದೆ? ಕಾರಣ ಕೊಡಿರಿ’ ಎಂದು ಒಮ್ಮೆಯಾದರೂ ಕೇಳಬಾರದೆ? ವೃತ್ತಪತ್ರಿಕೆಯಲ್ಲಿ ಬಂದ ಒಂದು ಶೇಕಡಾ ಅಂಕಿಯನ್ನು ತರಗತಿಯಲ್ಲಿ ಪರೀಕ್ಷಿಸಲು ವಾರಕ್ಕೆ ಒಂದು ಗಂಟೆಯಾದರೂ ದೊರೆಯಬಾರದೆ?

ಉಪಾಧ್ಯಾಯರು ಕೇಳುವ ತನಕ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಈ ತಿಂಗಳು ನಿಮ್ಮ ಮನೆಯಲ್ಲಿರುವ ಸಾಲದ ಪತ್ರವೊಂದನ್ನು ತಂದೆತಾಯಿಗಳ ಅನುಮತಿ ಪಡೆದು ಓದಿರಿ. ದರವೆಷ್ಟು, ಅದು ತಿಂಗಳಿಗೋ ವರ್ಷಕ್ಕೋ, ಬಡ್ಡಿ ಅಸಲಿಗೆ ಸೇರುತ್ತದೆಯೋ ಇಲ್ಲವೋ ಗುರುತಿಸಿರಿ. 70ನ್ನು ಆ ದರದಿಂದ ಭಾಗಿಸಿರಿ. ಬಂದ ಸಂಖ್ಯೆಯನ್ನು ಮನೆಯವರಿಗೆ ವಿವರಿಸಿ ಹೇಳಿರಿ.