ಅಜ್ಜನ ಕಾಲದ ಮರದ ಸ್ಕೀ

ಪುಟಾಣಿಗಳೇ, ನಾನಿರುವ ನಾರ್ವೆಯಲ್ಲಿ ಚಳಿಗಾಲ ಬಂತೆಂದರೆ ಕಾಲಿಗೆ ಉದ್ದನೆಯ ಸ್ಕೀ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತಾ ಹೋಗುತ್ತೇವೆ. ಹಿಂದೆ ಇವು ಮರದವೇ. ಮರದ ಸ್ಕೀಯಲ್ಲಿ ವಿಶ್ವ ಚಾಂಪಿಯನ್ ಆದ ಕೊನೆಯವರು ಇಲ್ಲಿಯ ಮಾಗ್ನೆ ಮಿರ್ಮೋ, 1974ರಲ್ಲಿ. ಆಮೇಲೆ ಫೈಬರ್‌ಗ್ಲಾಸ್ ಬಂತು.

ಹಳೇ ಸಾಮಾನಿನ ಅಂಗಡಿಯಲ್ಲಿ ಮರದ ಸ್ಕೀ ಕಂಡರೆ ನಾನು ಬಣ್ಣ ನೋಡುವುದಿಲ್ಲ. ಜೋಡಿಯ ತಳಗಳನ್ನು ಒಂದಕ್ಕೊಂದು ಸೇರಿಸಿ ಹಿಡಿಯುತ್ತೇನೆ. ನಡುವೆ ಬಿಲ್ಲಿನಂತೆ ಬಾಗಿ ಸಂದು ಕಾಣಬೇಕು. ಅದುಮಿ ಬಿಟ್ಟರೆ ಮತ್ತೆ ತೆರೆದುಕೊಳ್ಳಬೇಕು. ಬಿರುಕು ಬಿಟ್ಟಿದ್ದರೆ, ತಿರುಚಿಕೊಂಡಿದ್ದರೆ ಬೇಡವೇ ಬೇಡ. ಕಾಡಿನ ನಡುವೆ ಮುರಿದರೆ ಮೊಣಕಾಲುದ್ದ ಹಿಮದಲ್ಲಿ ನಡೆದೇ ಮನೆ ಸೇರಬೇಕು!

ಮರ ನೀರು ಕುಡಿದರೆ ಕೆಡುತ್ತದೆ. ಅದಕ್ಕೇ ತಳಕ್ಕೆ ಪೈನ್ ಮರದ ಟಾರ್ ಸವರಿ, ಬಿಸಿ ಮಾಡಿ ಇಂಗಿಸಿ, ಉಳಿದದ್ದನ್ನು ಒರೆಸುತ್ತೇವೆ. ಬಿಸಿ ಮಾಡುವ ಕೆಲಸ ಮಾತ್ರ ದೊಡ್ಡವರದು. ಬೇಸಿಗೆಯಲ್ಲಿ ತಳಕ್ಕೆ ತಳ ಕೂಡಿಸಿ, ನಡುವೆ ಮರದ ತುಂಡಿಟ್ಟು, ಎರಡೂ ತುದಿ ಕಟ್ಟಿ, ಒಲೆಯಿಂದ ದೂರ ಇಡುತ್ತೇವೆ. ಆ ಬಾಗು ಉಳಿದರೆ ಅಜ್ಜನ ಸ್ಕೀ ಮೊಮ್ಮಗಳಿಗೂ ಆದೀತು.