ಹೆಣ್ಣುಮಕ್ಕಳ ಚೆಂಡಾಟವೂ ಹೊರದೇಶದ ಹಾದಿಯೂ

ವರುಷವರುಷವೂ ಹತ್ತನೆಯ ತರಗತಿಯ ಆರಂಭದಲ್ಲಿ ನಾವು ಕಾಣುವ ಒಂದು ದೃಶ್ಯವುಂಟು. ಹಿಂದಿನ ವರುಷ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಎಲ್ಲರಿಗಿಂತ ಮುಂದಾಗಿ ಓಡುತ್ತಿದ್ದ ಬಾಲಿಕೆಯು ತಲೆತಗ್ಗಿಸಿ ಬಂದು, "ಇನ್ನು ಆಟ ಬೇಡವೆಂದು ಮನೆಯಲ್ಲಿ ಹೇಳಿದ್ದಾರೆ" ಎನ್ನುವಳು. ನಾವು ಆ ತಾಯ್ತಂದೆಗಳನ್ನು ದೂಷಿಸುವವರಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯನ್ನು ಬಲ್ಲವರಿಗೆ ಅವರ ಕಷ್ಟವು ತಿಳಿಯದ್ದಲ್ಲ. ಸಂಜೆಯ ಬಸ್ಸು ತಪ್ಪಿದರೆ ಬೇರೊಂದು ದೊರೆಯುವುದು ದುರ್ಲಭ. ಬಸ್ಸಿಳಿದ ಮೇಲೆಯೂ ಅಡಕೆಯ ತೋಟದಂಚಿನ ಮನೆಗೆ ಕಾಡುದಾರಿಯನ್ನು ನಡೆಯಬೇಕು. ಆಷಾಢದ ಮಳೆಯಲ್ಲಿ ಹೊತ್ತಿಗೆ ಮುಂಚೆಯೇ ಕತ್ತಲೆ ಕವಿಯುವುದು. ಇದರ ಮೇಲೆ ಪರೀಕ್ಷೆಯ ಚಿಂತೆ, ನೆರೆಯವರ ಮಾತು. ಆದರೂ ಈ ನಿಷೇಧದಿಂದ ಮಗಳು ಕಳೆದುಕೊಳ್ಳುವುದೇನೆಂಬುದನ್ನು ಪೋಷಕರು ಪೂರ್ಣವಾಗಿ ಯೋಚಿಸಿಲ್ಲವೆಂದು ನಮಗೆ ತೋರುವುದರಿಂದ, ಕೆಲವು ಮಾತುಗಳನ್ನು ಇಲ್ಲಿ ಅರಿಕೆಮಾಡುತ್ತೇವೆ.

ಈ ಆಟವು ಹೆಂಗಸರಿಗೆ ಒಪ್ಪುವುದಲ್ಲವೆನ್ನುವವರು ಅದರ ಚರಿತ್ರೆಯನ್ನು ನೋಡಬೇಕು. ೧೮೯೧ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ. ಎಂ. ಸಿ. ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿ ಇದನ್ನು ಆರಂಭಿಸಿದರು. ಮರುವರುಷವೇ ಸ್ಮಿತ್ ಮಹಿಳಾ ಕಾಲೇಜಿನ ಸೆಂಡಾ ಬೆರೆನ್‌ಸನ್ ಎಂಬಾಕೆ ಇದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿ, ೧೮೯೩ರಲ್ಲಿ ಪಂದ್ಯವನ್ನೂ ನಡೆಸಿದರು. ಹೀಗೆ ಹುಟ್ಟಿದಂದಿನಿಂದಲೇ ಇದು ಹೆಣ್ಣುಮಕ್ಕಳ ವಿದ್ಯಾಶಾಲೆಗಳ ಆಟ. ನಮ್ಮ ನಾಡಿನ ಮಾತನ್ನೇ ತೆಗೆದುಕೊಂಡರೂ, ಕೆಳದಿ, ಬಿದನೂರು, ಕವಲೇದುರ್ಗಗಳು ಈ ಮೂರು ತಾಲ್ಲೂಕುಗಳಲ್ಲಿಯೇ ಇರುವುವಷ್ಟೆ. ೧೬೭೨ರಿಂದ ೧೬೯೭ರ ವರೆಗೆ ಈ ಸೀಮೆಯನ್ನು ಆಳಿದವಳು ಚೆನ್ನಮ್ಮಾಜಿ. ಅಂಥ ನಾಡಿನಲ್ಲಿ ಹುಡುಗಿಯು ಚೆಂಡು ಹಿಡಿದು ಓಡಿದರೆ ಮರ್ಯಾದೆಗೆ ಕುಂದೆನ್ನುವುದು ವಿಚಿತ್ರವಲ್ಲವೆ?

ಆಟವು ಎಲ್ಲಿಗೆ ಕೊಂಡೊಯ್ಯಬಲ್ಲುದೆಂಬುದಕ್ಕೆ ದಕ್ಷಿಣದೇಶದ ಇಬ್ಬರು ತರುಣಿಯರ ನಿದರ್ಶನಗಳು ಸಾಕು. ನೆರೆಯ ಕೇರಳದ ಕೋಟ್ಟಯಂ ಜಿಲ್ಲೆಯ ಗೀತು ಅನ್ನಾ ಜೋಸ್ ಅವರು ಚಂಗನಾಶ್ಶೇರಿಯ ಅಸಂಪ್ಷನ್ ಕಾಲೇಜಿನ ವಿದ್ಯಾರ್ಥಿನಿ. ದಕ್ಷಿಣ ರೈಲ್ವೆಯ ತಂಡವನ್ನು ಸೇರಿ ಉದ್ಯೋಗವನ್ನೂ ಪಡೆದರು. ಭಾರತ ತಂಡದ ನಾಯಕಿಯಾದರು. ೨೦೦೬ರಿಂದ ೨೦೦೮ರ ವರೆಗೆ ಆಸ್ಟ್ರೇಲಿಯದ ರಿಂಗ್‌ವುಡ್ ಹಾಕ್ಸ್ ತಂಡಕ್ಕಾಗಿ ಆಡಿದರು. ೨೦೧೧ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಸಂಘದ ಮೂರು ತಂಡಗಳು ಇವರನ್ನು ಪರೀಕ್ಷಿಸಿ ನೋಡಿದುವು. ಅಲ್ಲಿ ಸ್ಥಾನವು ದೊರೆಯಲಿಲ್ಲ. ಆದರೆ ಅದರಿಂದ ಅವರ ಬಾಳು ಬರಿದಾಗಲಿಲ್ಲ. ೨೦೧೪ರಲ್ಲಿ ಅರ್ಜುನ ಪ್ರಶಸ್ತಿಯು ಅವರಿಗೆ ಸಂದಿತು.

ಎರಡನೆಯವರು ನಮ್ಮ ಬೆಂಗಳೂರಿನವರೇ ಆದ ಸಂಜನಾ ರಮೇಶ್. ಇವರು ೨೦೧೯ರಲ್ಲಿ ಆಟದ ಬಲದಿಂದಲೇ ಅಮೆರಿಕದ ನಾರ್ದರ್ನ್ ಅರಿಜೋನ ವಿಶ್ವವಿದ್ಯಾನಿಲಯಕ್ಕೆ ವಿದ್ಯಾರ್ಥಿವೇತನ ಪಡೆದು ಹೋದರು. ಆ ದೇಶದಲ್ಲಿ ೧೯೭೨ರ ಒಂದು ಶಾಸನವು ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣೆಂಬ ಕಾರಣದಿಂದ ಭೇದವೆಣಿಸಕೂಡದೆಂದು ವಿಧಿಸಿತು. ಅಂದಿನಿಂದ ಕಾಲೇಜುಗಳಲ್ಲಿ ಆಟಗಾರ್ತಿಯರಿಗೆ ವೇತನಗಳು ಹೆಚ್ಚಿದುವು. ಆದರೆ ಅವು ಬರಿಯ ಎತ್ತರಕ್ಕೂ ವೇಗಕ್ಕೂ ದೊರೆಯುವುವಲ್ಲ. ಶಾಲೆಯ ಅಂಕಗಳನ್ನು ನೋಡುವರು. ಸೇರಿದ ಮೇಲೂ ಪಾಠದಲ್ಲಿ ಹಿಂದುಳಿದವಳಿಗೆ ಅಂಗಳವು ಮುಚ್ಚುವುದು. ಆಟವು ಓದನ್ನು ಕೆಡಿಸುವುದೆಂದು ಅಂಜುವ ತಂದೆಯು ಇದನ್ನು ಗಮನಿಸಬೇಕು. ಈ ಹಾದಿಯಲ್ಲಿ ಓದು, ಆಟಗಳು ಒಂದೇ ನೊಗಕ್ಕೆ ಹೂಡಿದ ಜೋಡೆತ್ತುಗಳು.

ನಾವು ಯಾರಿಗೂ ಹುಸಿಯಾಸೆಯನ್ನು ಹುಟ್ಟಿಸಲೊಲ್ಲೆವು. ಹೊರದೇಶದಲ್ಲಿ ಆಡಿ ಜೀವಿಸುವವರು ಬೆರಳೆಣಿಕೆಯವರು. ಅಲ್ಲಿಯ ತಂಡಗಳ ಕರಾರುಗಳು ಅನೇಕವೇಳೆ ಒಂದೊಂದು ಋತುವಿನವು. ಮೊಣಕಾಲು ಒಮ್ಮೆ ಉಳುಕಿದರೆ ಎಲ್ಲವೂ ನಿಲ್ಲಬಹುದು. ದೇಹಬಲವು ಅನುಕೂಲಿಸುವ ಕಾಲವೂ ಸ್ವಲ್ಪವೇ. ನಮ್ಮ ಶಾಲೆಯ ನೂರು ಬಾಲಿಕೆಯರಲ್ಲಿ ಒಬ್ಬಳೂ ಅಷ್ಟು ದೂರ ಹೋಗದಿರಬಹುದು. ಹಾಗಾದರೆ ಈ ಶ್ರಮವೇಕೆಂದು ಕೇಳುವಿರೋ? ಆ ಒಬ್ಬಳು ಯಾರೆಂಬುದು ನೂರು ಮಂದಿಯೂ ಆಡಿದಲ್ಲದೆ ತಿಳಿಯದು. ಉಳಿದ ತೊಂಬತ್ತೊಂಬತ್ತು ಮಂದಿಗೆ ಸೋತು ನಗುವುದು, ಗೆದ್ದು ತಗ್ಗುವುದು, ತನಗಿಂತ ಅನುಕೂಲವಾದ ಸ್ಥಳದಲ್ಲಿ ನಿಂತವಳಿಗೆ ಚೆಂಡನ್ನು ಬಿಟ್ಟುಕೊಡುವುದು, ಇಷ್ಟಾದರೂ ಬಾಳಿನ ಬುತ್ತಿಯಾಗಿ ದೊರೆಯುವುದು. ಹೊರದೇಶದ ಹಾದಿಯು ವಿಮಾನದ ನಿಲ್ದಾಣದಲ್ಲಿ ಆರಂಭವಾಗುವುದಿಲ್ಲ. "ಆಡಿ ಬಾ, ಮಗಳೆ" ಎಂದು ತಂದೆಯು ಹೇಳುವ ಮನೆಯ ಹೊಸ್ತಿಲಲ್ಲಿ ಆರಂಭವಾಗುತ್ತದೆ.

ಆದುದರಿಂದ ನಮ್ಮ ಬಿನ್ನಹಗಳು ಎರಡೇ. ಪೋಷಕರು ಹತ್ತನೆಯ ತರಗತಿಯಲ್ಲಿಯೂ ವಾರಕ್ಕೆ ಮೂರು ಸಂಜೆಗಳನ್ನು ಮಕ್ಕಳಿಗೆ ಬಿಟ್ಟುಕೊಡಲಿ. ಒಂದೇ ದಾರಿಯ ನಾಲ್ಕು ಮನೆಯವರು ಕೂಡಿದರೆ ಸರದಿಯಂತೆ ಒಬ್ಬರು ಬಂದು ಎಲ್ಲರ ಮಕ್ಕಳನ್ನೂ ಕರೆದೊಯ್ಯಬಹುದು. ಹಳೆಯ ವಿದ್ಯಾರ್ಥಿನಿಯರು ಅಂಗಳಕ್ಕೊಂದು ಮಾಡನ್ನು ಕಟ್ಟಿಸಲು ಮನಸ್ಸುಮಾಡಲಿ. ಆಗುಂಬೆಯ ಮಳೆಯನ್ನು ಬಲ್ಲ ನಮ್ಮ ಸೀಮೆಯಲ್ಲಿ ಬಯಲಂಗಳವು ನಾಲ್ಕು ತಿಂಗಳು ಕೆರೆಯಾಗಿರುವುದು. ಅಷ್ಟು ದಿನ ಚೆಂಡು ಮುಟ್ಟದ ಕೈ ಕಲಿತದ್ದನ್ನೂ ಮರೆಯುವುದು. ಅಂದು ತಲೆತಗ್ಗಿಸಿ ಅಂಗಳವನ್ನು ಬಿಟ್ಟುಹೋದವರು ನಿಮ್ಮಲ್ಲಿ ಎಷ್ಟು ಮಂದಿಯಿಲ್ಲ? ನಿಮಗೆ ತಪ್ಪಿದುದು ನಿಮ್ಮ ತಂಗಿಯರಿಗೂ ಮಕ್ಕಳಿಗೂ ತಪ್ಪದಿರಲೆಂದು ಹಾರೈಸಿ ವಿರಮಿಸುತ್ತೇವೆ.