ಪದವು ಬಂಜರೆಂದು ಹೇಳಿದವರು ಯಾರು?

ಬ್ಯಾಂಕಿನ ಕೌಂಟರಿನ ಹಿಂದೆ ಇಪ್ಪತ್ತು ವರ್ಷ ಕೂತ ಗುಮಾಸ್ತನಿಗೆ ಊರಿನ ಜಾತಕ ಸಾಲದ ಅರ್ಜಿಗಳಲ್ಲೇ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಂಪುಸೆಟ್ಟಿಗೆ, ಕೆರೆಯ ಹೂಳೆತ್ತುವುದಕ್ಕೆ ಎಂದು ಅರ್ಜಿ ಬರುತ್ತಿತ್ತು. ಆಮೇಲೆ ಕೊಳವೆಬಾವಿ ಬಂತು. ಕೆಲವು ವರ್ಷ ಕಳೆದು ಅದೇ ಮನೆಯವರಿಂದ ಎರಡನೆಯ ಕೊಳವೆಬಾವಿಗೆ ಅರ್ಜಿ. ಮೊದಲನೆಯದು ಬತ್ತಿತ್ತು. ಈಚೆಗೆ ಬರುವುದು ಮುರಕಲ್ಲು ಕೊಯ್ಯುವ ಯಂತ್ರಕ್ಕೆ, ಟಿಪ್ಪರಿಗೆ. ಇವುಗಳಲ್ಲಿ ಬಹುಪಾಲನ್ನು ತುಂಬಿಸಿಕೊಟ್ಟವನು ನಾನೇ. ನಮ್ಮವರಲ್ಲಿ ಹಲವರಿಗೆ ಮಲಯಾಳ ಓದಲು ಬಾರದು, ನನಗೆ ಎರಡೂ ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬೈಸಿಕೊಳ್ಳುವವರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಎಂದು ಓದುಗರು ತಿಳಿಯಬೇಕು.

ಕಳೆದ ಬೇಸಗೆಯಲ್ಲಿ ಹಾಗೆ ಬಂದ ಪರಿಚಯದವರೊಬ್ಬರಿಗೆ, "ಪದವನ್ನು ಕಲ್ಲಿಗೆ ಕೊಟ್ಟರೆ ಕೆಳಗಿನ ನಿಮ್ಮ ತೋಟದ ಗತಿಯೇನು?" ಎಂದು ಕೇಳಿದೆ. ಅವರು ನಕ್ಕರು. "ಪದವಿನಲ್ಲಿ ಎಂತ ಉಂಟು ಮಾರಾಯ್ರೇ? ಬರೇ ಕಲ್ಲು, ಮುಳಿಹುಲ್ಲು. ಕಲ್ಲಿನಿಂದಾದರೂ ನಾಲ್ಕು ಕಾಸು ಬರಲಿ." ನಾನು ಅರ್ಜಿಗೆ ಸೀಲು ಹೊಡೆದೆ. ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ.

ಪದವಿನಲ್ಲಿ ಎಂತ ಉಂಟು?

ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮದು. ಕೇರಳದ 44 ಹೊಳೆಗಳಲ್ಲಿ 12 ನಮ್ಮಲ್ಲೇ ಹರಿಯುತ್ತವೆ ಎಂದು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಹೊಳೆಗಳು ಎಷ್ಟು ಗಿಡ್ಡ ಎಂಬುದನ್ನು ಹೇಳುವುದಿಲ್ಲ. ಮಂಜೇಶ್ವರ ಹೊಳೆಯ ಉದ್ದ ಬರೇ 16 ಕಿಲೋಮೀಟರ್. ಇಂಥ ಹೊಳೆಗಳ ಹಿಂದೆ ಹಿಮವಿಲ್ಲ, ದೊಡ್ಡ ಕಾಡೂ ಇಲ್ಲ. ಇರುವುದು ಮುರಕಲ್ಲಿನ ಗುಡ್ಡೆಗಳು, ಅವುಗಳ ನೆತ್ತಿಯ ಮೇಲೆ ಚಪ್ಪಟೆಯಾಗಿ ಹರಡಿದ ಹುಲ್ಲುಗಾವಲು. ನಾವು ಅದನ್ನು ಪದವು ಎನ್ನುತ್ತೇವೆ, ಮಲಯಾಳಿಗಳು ಪಾರ ಎನ್ನುತ್ತಾರೆ. ಮೇಲ್ಮೈ ಕರ್ರಗೆ ಗಟ್ಟಿ. ಅದರ ಬಿರುಕುಗಳಿಂದ, ಹುಲ್ಲಿನ ಬುಡಗಳಿಂದ, ಅಲ್ಲಲ್ಲಿ ತಾನಾಗಿ ಆದ ಪಳ್ಳಗಳಿಂದ ನೀರು ಇಳಿಯುತ್ತದೆ. ಒಳಗಿನ ಮುರ ಜೇನುಗೂಡಿನಂತೆ ತೂತುತೂತು. ಅದರಡಿಯಲ್ಲಿ ಜೇಡಿಯ ಪದರ. ಇಳಿದ ನೀರು ಅಲ್ಲಿ ತಡೆದು ನಿಂತು ಮೆಲ್ಲನೆ ಪಕ್ಕಕ್ಕೆ ಜಾರುತ್ತದೆ. ನಮ್ಮ ಹಿರಿಯರು ಸುರಂಗ ಕೊರೆದದ್ದು ಈ ಜಾರುವ ನೀರಿಗಾಗಿ. ಒಬ್ಬ ಮನುಷ್ಯ ನುಗ್ಗುವಷ್ಟು ಅಗಲ, ಒಳಗೆ ಗಾಳಿಯುಂಟೋ ಎಂದು ನೋಡಲು ಉರಿಯುವ ಮೊಂಬತ್ತಿ, ಗುಡ್ಡೆಯ ಹೊಟ್ಟೆಗೆ ಅಡ್ಡಡ್ಡ ಅಗೆತ. ಪಂಪು ಬೇಡ, ಕರೆಂಟು ಬೇಡ. ನೀರು ತಾನಾಗಿ ನಡೆದು ಅಂಗಳಕ್ಕೆ ಬರುತ್ತದೆ. ಬಾಯಾರು, ಪಡ್ರೆ, ಶೇಣಿ ಕಡೆಯ ಎಷ್ಟೋ ಮನೆಗಳು ಇಂದಿಗೂ ಕುಡಿಯುವುದು ಆ ನೀರನ್ನೇ. ನಮ್ಮ ಮನೆಯದೂ ಅಜ್ಜ ಅಗೆಸಿದ ಸುರಂಗ.

ಆ ಹುಲ್ಲಿನ ವಿಷಯವನ್ನೂ ಹೇಳಬೇಕು. ಮಳೆಗಾಲ ತಗ್ಗುವ ಹೊತ್ತಿಗೆ ಪದವಿನ ಮೇಲೆ ನೀಲಿ ಕಂಬಳಿ ಹಾಸಿದಂತೆ ಕಾಣುವ ಸಣ್ಣ ಹೂವನ್ನು ಮಲಯಾಳಿ ಮಕ್ಕಳು ಕಾಕ್ಕಪ್ಪೂವು ಎಂದು ಕೊಯ್ದು ಓಣಂ ಪೂಕ್ಕಳಕ್ಕೆ ಹಾಕುತ್ತಾರೆ. ಅದು ಹುಳ ಹಿಡಿದು ತಿನ್ನುವ ಗಿಡ. ಮಣ್ಣಿಲ್ಲದ ಕಲ್ಲಿನ ಮೇಲೆ ಬದುಕಲು ಕಲಿತ ಉಪಾಯ ಅದು. ಪೆರಿಯದ ಪಾರೆಗಳಲ್ಲಿ ಮಳೆಗಾಲಕ್ಕೆ ಮಾತ್ರ ಹುಟ್ಟಿ ಸಾಯುವ ತೋಡುಗಳಲ್ಲಿ ಬಿಳಿ ಹೂ ಬಿಡುವ ಒಂದು ಗಡ್ಡೆಯ ಗಿಡವನ್ನು 2012ರಲ್ಲಿ ಸಸ್ಯಶಾಸ್ತ್ರಜ್ಞರು ಹೊಸ ಜಾತಿಯೆಂದು ಗುರುತಿಸಿದರು. ಪೆರಿಯ ಪೊಲತ್ತಾಳಿ ಎಂದು ಅದರ ಹೆಸರು. ನಮ್ಮ ಜಿಲ್ಲಾ ಪಂಚಾಯತು ಅದನ್ನೇ ಜಿಲ್ಲೆಯ ಹೂವೆಂದು ಸಾರಿದೆ. ಹೂವಿಗೆ ಪದವಿ ಸಿಕ್ಕಿತು. ಅದು ನಿಂತ ನೆಲಕ್ಕೆ ಮಾತ್ರ ಕಾಗದಪತ್ರಗಳಲ್ಲಿ ಇಂದಿಗೂ ತರಿಶು, ಬಂಜರು, ಪುರಂಬೋಕು ಎಂಬ ಹೆಸರುಗಳೇ.

ಈ ಬಂಜರೆಂಬ ಮಾತು ಏನು ಮಾಡಬಲ್ಲದು ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಬಂಜರೆಂದೇ ಗುಡ್ಡೆಯ ನೆತ್ತಿಗಳಲ್ಲಿ ಗೇರು ನೆಟ್ಟರು. 1970ರ ದಶಕದ ಕೊನೆಯಿಂದ 2000ದ ತನಕ ಆ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಮೇಲೆ ಸುರಿದದ್ದು ಕೆಳಗೆ ಹರಿಯದೆ ಇರುತ್ತದೆಯೇ? ಪಡ್ರೆಯ ತೋಡುಗಳಿಗೆ, ಬಾವಿಗಳಿಗೆ, ತಾಯಂದಿರ ಗರ್ಭಕ್ಕೆ ಇಳಿಯಿತು. ಆ ಕಥೆಯನ್ನು ಈ ವಾರ್ಷಿಕದ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಕೆಲವರ ಮನೆಯೊಳಗೇ ಅದು ಮಲಗಿದೆ. ಹೇಳಬೇಕಾದದ್ದು ಬೇರೆ. ಪಡ್ರೆಯಲ್ಲಿ ರೋಗಿಗಳ ಲೆಕ್ಕವಿಟ್ಟವರು ಡಾ. ಮೋಹನ ಕುಮಾರ್, ಲೋಕಕ್ಕೆ ಬರೆದು ತಿಳಿಸಿದವರು ಶ್ರೀ ಪಡ್ರೆ. 1998ರಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದವರು ಪೆರಿಯದ ಲೀಲಾಕುಮಾರಿಯಮ್ಮ, ಕೃಷಿ ಇಲಾಖೆಯ ಒಬ್ಬ ನೌಕರೆ. ಅವರು ಮಲಯಾಳಿ, ಇವರು ಕನ್ನಡಿಗರು. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ಅನ್ವಯಿಸುವಂತೆ ಆ ವಿಷವನ್ನು ತಡೆದದ್ದರ ಹಿಂದೆ ಎರಡೂ ಭಾಷೆಯ ಕಣ್ಣೀರು ಇತ್ತು.

ಈಗ ನಮ್ಮವರ ವಿಷಯ. ನಾವು ಗಡಿನಾಡಿನ ಕನ್ನಡಿಗರು ಗಡಿಯ ಬಗ್ಗೆ ಮಾತಾಡುವುದರಲ್ಲಿ ಶೂರರು. ಮಹಾಜನ ಆಯೋಗವು 1967ರಲ್ಲಿ ಚಂದ್ರಗಿರಿ, ಪಯಸ್ವಿನಿ ಹೊಳೆಗಳನ್ನು ಗೆರೆಯಾಗಿ ಹಿಡಿದು ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು. ಆ ವರದಿಯ ಪುಟಗಳು ನಮ್ಮ ಭಾಷಣಕಾರರಿಗೆ ಬಾಯಿಪಾಠ. ಗೆರೆಯಾದ ಹೊಳೆಯಲ್ಲಿ ಮಾರ್ಚಿಗೆ ನೀರೆಷ್ಟು ಉಳಿಯುತ್ತದೆ ಎಂದು ಕೇಳಿದವರನ್ನು ನಾನು ಒಂದು ಸಭೆಯಲ್ಲೂ ಕಾಣಲಿಲ್ಲ. 2017ರಲ್ಲಿ ಮಲಯಾಳ ಕಡ್ಡಾಯದ ಕಾಯಿದೆ ಬಂದಾಗ ನಾನೂ ಮೆರವಣಿಗೆಯಲ್ಲಿ ನಡೆದವನೇ. ಅದಕ್ಕೆ ಪಶ್ಚಾತ್ತಾಪವಿಲ್ಲ, ಇನ್ನೊಮ್ಮೆಯೂ ನಡೆಯುತ್ತೇನೆ. ಆದರೆ ಅದೇ ಜನ ಗ್ರಾಮಸಭೆಯ ದಿನ ಎಲ್ಲಿರುತ್ತಾರೆ?

"ನೋಟೀಸು ಮಲಯಾಳದಲ್ಲಿರುತ್ತದೆ, ನಮಗೆ ತಿಳಿಯುವುದಿಲ್ಲ" ಎನ್ನುತ್ತಾರೆ. ನಿಜ, ಇದು ಅನ್ಯಾಯ. ಕನ್ನಡದಲ್ಲಿ ನೋಟೀಸು ಕೇಳುವುದು ನಮ್ಮ ಹಕ್ಕು, ಕೇಳಲೇಬೇಕು. ಆದರೆ ಕೋರೆಯ ಗುತ್ತಿಗೆದಾರನ ಕರಾರುಪತ್ರವೂ ಮಲಯಾಳದಲ್ಲೇ ಇತ್ತಲ್ಲ? ಅದಕ್ಕೆ ರುಜು ಹಾಕುವಾಗ ಭಾಷೆ ಯಾಕೆ ಅಡ್ಡ ಬರಲಿಲ್ಲ? "ಸರಕಾರ ಅವರದು, ನಾವೇನು ಮಾಡಲಿಕ್ಕಾಗುತ್ತದೆ" ಎಂಬುದು ಇನ್ನೊಂದು ರಾಗ. ಕಲ್ಲು ಹೋಗುತ್ತಿರುವುದು ಸರಕಾರದ ಜಾಗದಿಂದ ಮಾತ್ರವೇ? ಪಟ್ಟೆ ಜಾಗದಿಂದಲೂ, ಕುಮ್ಕಿಯೆಂದು ಅನುಭವಿಸಿದ ಜಾಗದಿಂದಲೂ ಹೋಗುತ್ತಿದೆ.

ಕುಮ್ಕಿ ಎಂದೆನಲ್ಲ, ಅಲ್ಲೇ ನಮ್ಮ ಮರೆವಿನ ಬೇರು ಇದೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಪದ್ಧತಿಯಲ್ಲಿ ವರ್ಗದ ಜಮೀನಿನಿಂದ 45 ಕೋಲು ದೂರದ ತನಕ ಸರಕಾರದ ಗುಡ್ಡೆಯಿಂದ ಸೊಪ್ಪು, ಹುಲ್ಲು, ಸೌದೆ ತರುವ ಸವಲತ್ತು ಕೃಷಿಕನಿಗಿತ್ತು. ಅದು ಒಡೆತನವಲ್ಲ. ಕೆಳಗಿನ ಬೇಸಾಯ ನಡೆಯಬೇಕಾದರೆ ಮೇಲಿನ ಗುಡ್ಡೆ ಜೀವಂತವಿರಬೇಕೆಂದು ತಿಳಿದವರ ಏರ್ಪಾಡು. ಮುಳಿ ಕೊಯ್ಯಲು ಕಾಲವಿತ್ತು, ದನ ಬಿಡಲು ಕಾಲವಿತ್ತು, ಮದಕದ ಬದುವಿಗೆ ಯಾರೂ ಹಾರೆ ಹಾಕುತ್ತಿರಲಿಲ್ಲ. ವೃಶ್ಚಿಕ ಮಾಸಕ್ಕೆ ತೋಡಿಗೆ ಕಟ್ಟ ಕಟ್ಟುವ ದಿನ ಮನೆಗೊಂದು ಆಳು ಬರಬೇಕು. ಕಲ್ಲು, ಮಣ್ಣು, ಅಡಿಕೆ ಮರದ ಸಲಾಕೆ, ಸೊಪ್ಪು. ಮೇಲಿನ ಕಟ್ಟ ತುಂಬಿ ಸೋರಿದ ನೀರು ಕೆಳಗಿನ ಕಟ್ಟಕ್ಕೆ. ಹಿರಿಯರನ್ನು ದೇವರು ಮಾಡುವುದು ಬೇಡ. ಆ ಆಳುಗಳಲ್ಲಿ ಕೂಲಿಯಿಲ್ಲದೆ ದುಡಿದವರೂ, ದುಡಿದ ಮೇಲೆ ಅದೇ ನೀರನ್ನು ಮುಟ್ಟಲು ಬಿಡದವರೂ ಇದ್ದರೆಂದು ನನ್ನ ಅಜ್ಜಿಯೇ ಹೇಳುತ್ತಿದ್ದಳು. ಆ ಭಾಗ ಹೋದದ್ದು ಒಳ್ಳೆಯದೇ ಆಯಿತು. ಕಟ್ಟವೂ ಅದರೊಡನೆ ಯಾಕೆ ಹೋಗಬೇಕಿತ್ತು? ಏತಡ್ಕದವರು ಸಾಲುಸಾಲು ಕಟ್ಟ ಕಟ್ಟುವ ರೂಢಿಯನ್ನು ಈ ಕಾಲಕ್ಕೂ ತಂದು ತೋರಿಸಿದ್ದಾರೆ. ಅವರಲ್ಲಿ ಮಂತ್ರವಾದವೇನೂ ಇಲ್ಲ.

ಮನೆ ಕಟ್ಟಲು ಕಲ್ಲು ಬೇಡವೇ ಎಂದು ಕೇಳುವವರಿದ್ದಾರೆ. ಬೇಕು. ನನ್ನ ಮನೆಯ ಗೋಡೆಯೂ ಮುರಕಲ್ಲಿನದೇ. ಅಂದು ಮನೆಯಡಿಯ ಗುಡ್ಡೆಯಲ್ಲಿ ಕೈಗತ್ತಿಯಿಂದ ಮನೆಗೆ ಬೇಕಾದಷ್ಟು ಕಡಿದರು, ಗುಂಡಿ ಕೆರೆಯಾಯಿತು. ಇಂದು ಯಂತ್ರವು ಎಕರೆಗಟ್ಟಲೆ ನೆತ್ತಿಯನ್ನು ಸುಲಿದು ಮೇಲ್ಮಣ್ಣನ್ನು ತೋಡಿಗೆ ದೂಡುತ್ತದೆ, ಕಲ್ಲು ಟಿಪ್ಪರಿನಲ್ಲಿ ದೂರದ ಊರಿಗೆ ಹೋಗುತ್ತದೆ. ನೀರು ಹಿಡಿಯುವ ತೂತು ಮುರವೇ ಕಲ್ಲಾಗಿ ಮಾರಿಹೋದ ಮೇಲೆ ಜಾರಲು ನೀರೆಲ್ಲಿ? ಏಪ್ರಿಲಿನಲ್ಲಿ ಅದೇ ಟಿಪ್ಪರಿನ ದಾರಿಯಲ್ಲಿ ಕುಡಿಯುವ ನೀರಿನ ಲಾರಿ ಬರುತ್ತದೆ. ಅದರ ಬಿಲ್ಲು ಸಾಲದ ಅರ್ಜಿಯಲ್ಲಿ ಎಲ್ಲೂ ಬರುವುದಿಲ್ಲ, ಅಂಥ ಕಾಲಮ್ಮೇ ಇಲ್ಲ.

ದಕ್ಷಿಣಕ್ಕೆ ನೋಡಿ. ಕಿನಾನೂರು-ಕರಿಂದಳಂ ಪಂಚಾಯತಿನ ಕಡಲಾಡಿಪ್ಪಾರೆಯಲ್ಲಿ ಬಾಕ್ಸೈಟ್ ಗಣಿ ಬರುತ್ತದೆಂದಾಗ ಊರವರು ಎದ್ದು ನಿಂತರು. ಅವರು ಕಾದದ್ದು ಇಂಥದೇ ಒಂದು ಪಾರೆಯನ್ನು. ಅವರೊಡನೆ ಕೂತು ಮಾತಾಡಲು ನಮಗೆ ಯಾವ ದುಭಾಷಿ ಬೇಕು? ಶಿರಿಯ, ಉಪ್ಪಳ ಹೊಳೆಗಳು ಕರ್ನಾಟಕದ ಗುಡ್ಡೆಗಳಲ್ಲಿ ಹುಟ್ಟಿ ಕೇರಳದ ಕಡಲು ಸೇರುತ್ತವೆ, 1956ರ ನವೆಂಬರ ಒಂದನೇ ತಾರೀಕು ಅವು ಹರಿಯುವುದನ್ನು ನಿಲ್ಲಿಸಲಿಲ್ಲ. ಪ್ರತಿ ಪಂಚಾಯತಿನಲ್ಲೂ 2002ರ ಜೀವವೈವಿಧ್ಯ ಕಾಯಿದೆಯಂತೆ ಒಂದು ಸಮಿತಿ ಇರಬೇಕು. ನಿಮ್ಮ ವಾರ್ಡಿನಿಂದ ಅದರಲ್ಲಿ ಯಾರಿದ್ದಾರೆ ಎಂದು ಕೇಳಿ ನೋಡಿ. ನಾನು ನಮ್ಮ ಪಂಚಾಯತಿನಲ್ಲಿ ಕೇಳಿದೆ. ಪಟ್ಟಿಯಲ್ಲಿ ಒಬ್ಬ ಕನ್ನಡಿಗನ ಹೆಸರಿತ್ತು. ಅವರು ಒಂದು ಸಭೆಗೂ ಹೋಗಿರಲಿಲ್ಲ.

ನಮ್ಮ ಮನೆಯ ಮೇಲಿನ ಪದವಿಗೂ ಗಿರಾಕಿ ಬಂದಿದ್ದಾನೆ. ಜಾಗ ನನಗೂ ತಮ್ಮನಿಗೂ ಜಂಟಿ. ತಮ್ಮನ ಮಗಳಿಗೆ ಮಂಗಳೂರಿನಲ್ಲಿ ಕಾಲೇಜು ಸೀಟು ಆಗಬೇಕು, ದುಡ್ಡು ಬೇಕು. ಅವನು ಕೆಟ್ಟವನಲ್ಲ. "ಅಣ್ಣ, ನಿನಗೆ ತಿಂಗಳ ಸಂಬಳ ಬರುತ್ತದೆ, ನೀನು ಹುಲ್ಲು ಕಾಯಬಹುದು" ಎಂದ. ಉತ್ತರ ನನ್ನಲ್ಲಿರಲಿಲ್ಲ. ಅವನ ಪಾಲಿನ ಮೊತ್ತಕ್ಕೆ ನನ್ನ ಭವಿಷ್ಯನಿಧಿಯಿಂದ ಸಾಲ ತೆಗೆಯಲು ಅರ್ಜಿ ಹಾಕಿದ್ದೇನೆ, ಈ ಬಾರಿ ನನ್ನದೇ ಹೆಸರಿನಲ್ಲಿ. ಅವನು ಇನ್ನೂ ಹೂಂ ಎಂದಿಲ್ಲ.

ನಮ್ಮ ತೋಡಿನ ಕಟ್ಟ ನಿಂತು ಹನ್ನೊಂದು ವರ್ಷವಾಯಿತು. ಈ ವೃಶ್ಚಿಕದ ಎರಡನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ ಅದನ್ನು ಮತ್ತೆ ಕಟ್ಟುವವರಿದ್ದೇವೆ. ಈಗ ಹೆಸರು ಕೊಟ್ಟವರು ಒಂಬತ್ತು ಮಂದಿ, ಅದರಲ್ಲಿ ಆರು ಮಂದಿ ಕೆಳಗಿನ ಬೈಲಿನ ಮಲಯಾಳಿಗಳು. ಹಾರೆ ಇದ್ದವರು ಹಾರೆ ತನ್ನಿ, ಇಲ್ಲದವರಿಗೆ ಬುಟ್ಟಿ ಹೊರುವ ಕೆಲಸ ಉಂಟು. ಚಾ ನಮ್ಮ ಮನೆಯಿಂದ.